ನಿಂತರೆ ಬಿಸಿ, ಓಡಿದರೆ ತಂಪು

ಡ್ರಾಯಿಂಗ್ ಮಾಸ್ತರು ತೀರಿಕೊಂಡರೆಂದು ಸುದ್ದಿ ಬಂದಾಗ ನನಗೆ ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಹೇಳದೆ ಕೇಳದೆ ಎದ್ದು ಹೋಗುವ ಚಾಳಿ ಆ ಮನುಷ್ಯನಿಗೆ ಮೊದಲಿನಿಂದಲೂ ಇತ್ತು. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರು ಮಾತಾಡುತ್ತಿರುವಾಗಲೇ ಕೊಡೆ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಎಲ್ಲಿಗ್ರಿ ಮಾಸ್ತರ ಎಂದರೆ, "ಮನ್ಯಾಗ ಗಾಡಿ ಎಂಜಿನ್ ಬಿಚ್ಚಿಟ್ಟು ಬಂದೀನ್ರಿ ಅಕ್ಕೋರ" ಎಂಬ ಉತ್ತರ. ತೊಟ್ಟಿಲಲ್ಲಿ ಕೂಸು ಬಿಟ್ಟು ಬಂದಿದ್ದೇನೆ ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದರು. ನಾನು ಸುರಪುರದ ಅದೇ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಅಕ್ಕೋರು, ಆಗ ಅವರ ಪಕ್ಕದ ಮನೆಯವಳು, ಅದಕ್ಕೂ ಮಿಗಿಲಾಗಿ ಅವರ ಹೆಂಡತಿಯ ಗೆಳತಿ. ಅವರನ್ನು ಬಯ್ಯುವ ಹಕ್ಕು ನನಗಿತ್ತು, ಅದನ್ನು ಧಾರಾಳವಾಗಿಯೇ ಬಳಸಿಕೊಂಡಿದ್ದೇನೆ.

ಕುಳ್ಳು ಮನುಷ್ಯ. ಕಿವಿಯ ಮೇಲೆ ಪೆನ್ಸಿಲು, ಕಿವಿಯೊಳಗಿನ ಕೂದಲಿನ ಮೇಲೆ ಸೀಮೆಸುಣ್ಣದ ಪುಡಿ. ಯಾವುದನ್ನೂ ಚಿತ್ರ ಬರೆಯದೆ ಅರ್ಥ ಮಾಡಿಕೊಳ್ಳಲು ಅವರಿಗೆ ಬರುತ್ತಿರಲಿಲ್ಲ. ಪೋಸ್ಟ್ ಆಫೀಸಿಗೆ ದಾರಿ ಕೇಳಿದವನಿಗೂ ನೆಲದ ಮೇಲೆ ಕೂತು ನಕಾಶೆ ಬರೆದು ತೋರಿಸುವವರು. ಅಷ್ಟೊತ್ತಿಗೆ ಪೋಸ್ಟ್ ಆಫೀಸು ಮುಚ್ಚಿರುತ್ತಿತ್ತು. ಹೆಂಡತಿಯ ಬೆನ್ನಿನ ಎಕ್ಸ್‌ರೇ ಬಂದಾಗ ಅದನ್ನೂ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ನೆರಳು ಬೆಳಕು ಸಮೇತ ಬರೆದುಕೊಂಡರು. ಡಾಕ್ಟರ ಮುಂದೆ ಹಿಡಿದು, "ಇದರಾಗ ಯಾವುದು ತಿದ್ದಬೇಕು ತೋರಿಸ್ರಿ" ಎಂದು ಕೇಳಿದರಂತೆ.  ಇದನ್ನು ನನಗೆ ಹೇಳಿದವಳು ಆ ಹೆಂಡತಿಯೇ.

ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತ ಹಿಂದಕ್ಕೆ ಹೆಜ್ಜೆ ಇಟ್ಟವಳು ಅಂಚು ತಪ್ಪಿ ಅಂಗಳಕ್ಕೆ ಬಿದ್ದಳು. ಎದೆಯಿಂದ ಕೆಳಗೆ ಮೈ ಸತ್ತುಹೋಯಿತು. ಕೈ ಎರಡೂ ಉಳಿದವು, ನಾಲಿಗೆ ಉಳಿಯಿತು. ನಾಲಿಗೆಯಂತೂ ಕಾಲಿನ ಕೆಲಸವನ್ನೂ ತಾನೇ ವಹಿಸಿಕೊಂಡಿತು. ಮಂಚದ ಮೇಲೆ ಮಲಗಿಯೇ ಓಣಿಯ ಅಷ್ಟೂ ಮನೆ ನಡೆಸುತ್ತಿದ್ದಳು. ಆದರೆ ಒಂದು ಕಷ್ಟ ಹೊರಗಿನವರಿಗೆ ಕಾಣುವಂಥದ್ದಲ್ಲ. ಸತ್ತ ಮೈಗೆ ಬೆವರು ಬರುವುದಿಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ ಬೆವರದ ಮೈ ಅಂದರೆ ಮುಚ್ಚಿಟ್ಟ ಒಲೆ. ಒಂದು ಬೇಸಗೆಯಲ್ಲಿ ಜೀಪಿನಲ್ಲಿ ಶಹಾಪುರದ ದವಾಖಾನೆಗೆ ಕರೆದೊಯ್ದಾಗ ಅರ್ಧ ದಾರಿಗೆ ಬರುವಷ್ಟರಲ್ಲೇ ಎಚ್ಚರ ತಪ್ಪಿದಳು. ಉಳಿದದ್ದೇ ಹೆಚ್ಚು. ಬೇಸಗೆಯಲ್ಲಿ ತಂಪಿಲ್ಲದೆ ಇವರನ್ನು ಹೊಸ್ತಿಲು ದಾಟಿಸಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ಆಮೇಲೆ ಆ ಗಾಡಿ ಬಂತು. ಕಾಲುವೆ ತೋಡುವ ಕಾಲದಲ್ಲಿ ಎಲ್ಲೆಲ್ಲಿಂದಲೋ ಇಂಜಿನಿಯರುಗಳು ಬಂದಿದ್ದರಲ್ಲ, ಅವರಲ್ಲಿ ಯಾರೋ ಪರದೇಶದವರು ಅದರಲ್ಲೇ ಇರುತ್ತಿದ್ದರಂತೆ. ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಕಿಟಕಿಗೆ ಪರದೆ. ಕಾಲುವೆ ಮುಗಿಯಿತು, ಅವರು ಹೋದರು, ಗಾಡಿ ಕ್ಯಾಂಪಿನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತ ಉಳಿಯಿತು. ಹರಾಜಿನಲ್ಲಿ ಮಾಸ್ತರು ಕೂಗಿಬಿಟ್ಟರು. ಊರು ಅದಕ್ಕೆ 'ಮನಿ ಮೋಟಾರು' ಎಂದು ಹೆಸರಿಟ್ಟಿತು. ನಾನು ಕಂಡ ಕೂಡಲೇ ಅಂದೆ: "ಆನಿ ಇದ್ರೂ ಸಾವಿರ, ಸತ್ರೂ ಸಾವಿರ ಅಂತಾರ್ರಿ. ನೀವು ಸತ್ತ ಆನಿ ತಂದೀರಿ." ಮಾಸ್ತರು ನಕ್ಕರು. "ಸತ್ತಿಲ್ರಿ, ಮಲಗ್ಯಾದ. ನಮ್ಮ ಮನ್ಯಾಗ ಮಲಗಿದವರ ಚಾಕರಿ ನನಗ ರೂಢಿ ಅದ" ಎಂದರು. 

ಚಳಿಗಾಲದಲ್ಲಿ ಅಕ್ಕನನ್ನು ಹತ್ತಿಸಿಕೊಂಡು ಅಲ್ಲಿ ಇಲ್ಲಿ ತಿರುಗಾಡಿಸಿದರು. ಯಾದಗಿರಿಯ ಕೋಟೆಯನ್ನು ಕೆಳಗಿನಿಂದ ತೋರಿಸಿದರು. ನಾರಾಯಣಪುರದ ಡ್ಯಾಮಿನ ಹತ್ತಿರ ನಿಲ್ಲಿಸಿ ಕಾಲುವೆಗೆ ನೀರು ಬೀಳುವುದನ್ನು ತೋರಿಸಿದರು. ಅಕ್ಕ ಬಹಳ ಹೊತ್ತು ನೋಡಿ, "ನೀರು ಸುರು ಆಗೋ ಜಾಗಾ ಆತು. ಮುಗಿಯೋ ಜಾಗಾಕ್ಕ ಯಾವಾಗ ಕರ್ಕೊಂಡು ಹೋಗ್ತೀರಿ?" ಎಂದಳು. ಕಾಲುವೆಯ ನೀರು ಕೊನೆಗೆ ತಲುಪುವ ಕಡೆ ಅವಳ ತವರು, ಕೊಂಕಲ್. ಮೇಲಿನವರೆಲ್ಲ ಕುಡಿದು ಉಳಿದರೆ ಅವರಿಗೆ ನೀರು. ಅವಳು ಮಾಳಿಗೆಯಿಂದ ಬಿದ್ದ ಕಾಲಕ್ಕೆ ಅಲ್ಲಿ ಜೋಳದ ಹೊಲ. ಈಗ ಅವಳಪ್ಪನ ಹೊಲದಲ್ಲಿ ಭತ್ತ ಎಂದು ಕೇಳಿದ್ದಳು, ಕಂಡಿರಲಿಲ್ಲ. ಹೋಗಬಹುದಿತ್ತಲ್ಲ ಅನ್ನಬೇಡಿ. ಕರೆಯದೆ ತವರಿಗೆ ಹೋಗುವ ಹೆಣ್ಣಲ್ಲ ಆಕೆ. ಅಣ್ಣನಿಗೆ ಕರೆಯಲು ಧೈರ್ಯ ಇರಲಿಲ್ಲ. ಅವನ ಮನೆಯ ಮೆಟ್ಟಿಲು ಎತ್ತರ, ಬಾಗಿಲು ಸಣ್ಣದು, ತಂಗಿಯನ್ನು ನಾಲ್ಕು ಮಂದಿ ಹೊತ್ತು ಒಳಗೆ ತರುವುದನ್ನು ಊರು ನಿಂತು ನೋಡಬೇಕು. ನಾಚಿಕೆಯೋ ಸಂಕಟವೋ, ಅಂತೂ ಕರೆ ಬರಲಿಲ್ಲ. ವರ್ಷ ವರ್ಷ ಉಡಿ ತುಂಬಿಸಿಕೊಳ್ಳದ ತವರಿನ ಮಗಳಾಗಿ ಅಕ್ಕ ಮಂಚದ ಮೇಲೆ ಇದ್ದಳು.

ಕರೆದವಳು ಕಡೆಗೆ ಅಣ್ಣನ ಮಗಳು. ಅವಳಿಗೆ ಮದುವೆ ಗೊತ್ತಾಗಿತ್ತು. ಒಬ್ಬಳೇ ಬಸ್ಸು ಹತ್ತಿ ಸುರಪುರಕ್ಕೆ ಬಂದು ಮಂಚದ ಅಂಚಿಗೆ ಕೂತು, "ಅತ್ತಿ, ನೀ ಬರದಿದ್ರ ನಾ ತಲಿ ಮ್ಯಾಲ ಅಕ್ಕಿಕಾಳು ಹಾಕಿಸ್ಕೊಳ್ಳಾಕಿ ಅಲ್ಲ" ಎಂದಳು. ಅಕ್ಕನ ಕಣ್ಣು ತುಂಬಿತು. ಮದುವೆ ಯುಗಾದಿ ಮುಗಿದ ಮೇಲೆ, ಬಿಸಿಲು ಕಾದ ಹಂಚಿನಂತೆ ಇರುವಾಗ. ಹುಡುಗಿ ಹೋದ ಮೇಲೆ ಅಕ್ಕ ಗಂಡನಿಗೆ ಹೇಳಿದ್ದು ಇಷ್ಟೇ: "ಈಗ ನಮ್ಮ ಹೊಲದ ಅಕ್ಕಿಲೇ ಉಡಿ ತುಂಬತಾರಂತ. ಒಮ್ಮಿ ತುಂಬಿಸ್ಕೊಂಡು ಬರ್ತೀನ್ರಿ. ಆಮ್ಯಾಲ ನಿಮಗ ಏನೂ ಕೇಳಂಗಿಲ್ಲ." ಮಾಸ್ತರು ಎದ್ದು ಗಾಡಿಯ ಬಾನೆಟ್ ಎತ್ತಿದರು.

ಆ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಎಸಿ ಇತ್ತು. ಇತ್ತು ಅಂದರೆ, ಗುಂಡಿ ಇತ್ತು. ಒತ್ತಿದರೆ ಮುದುಕರು ಊದಿದಷ್ಟು ಗಾಳಿ, ಅದೂ ಬಿಸಿ. ಶಹಾಪುರದಿಂದ ಒಬ್ಬ ಫ್ರಿಜ್ ಮಿಸ್ತ್ರಿಯನ್ನು ಕರೆಸಿದರು. ಅವನ ಅಂಗಡಿ ಸಣ್ಣದು, ಮಾತು ದೊಡ್ಡದು. ಹೈದರಾಬಾದಿನಲ್ಲಿ ಯಾವ ನವಾಬರ ಮೋಟಾರು ತಾನು ತಂಪು ಮಾಡಿದ್ದೆನೆಂದು ಹೇಳುತ್ತಲೇ ಎರಡು ಚಹಾ ಕುಡಿದ. "ಗ್ಯಾಸ್ ಖತಂ ಆಗ್ಯಾದ ಮಾಸ್ಟರ್ ಸಾಬ್. ಫಿಕರ್ ನಕ್ಕೋ" ಎಂದು ಗ್ಯಾಸು ತುಂಬಿದ. ತಂಪಾಗಲಿಲ್ಲ. ಮತ್ತೆ ಕರೆದರೆ ಮತ್ತೆ ಗ್ಯಾಸ್ ಖತಂ. ಗ್ಯಾಸು ಎಲ್ಲಿ ಹೋಯಿತೋ ಎಂದು ನಾನು ಕೇಳಿದರೆ, "ನಿಮ್ಮ ಸುರಪುರದ ಗುಡ್ಡದಾಗ ಹವಾ ಸರಿ ಇಲ್ರಿ ಟೀಚರ್" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಕ್ಕ ಕಿಟಕಿಯಿಂದಲೇ ಅಂದಳು. ಮಿಸ್ತ್ರಿ ನಕ್ಕು ಕೈ ಮುಗಿದ. ಮಾತಿಗೆ ಬೇಜಾರು ಮಾಡಿಕೊಳ್ಳುವವನಲ್ಲ, ಅದೊಂದು ಒಳ್ಳೆಯ ಗುಣ.

ಕೊನೆಗೆ ಮಾಸ್ತರು ತಾವೇ ಬಿಚ್ಚಲು ಶುರು ಮಾಡಿದರು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಎಳೆದುಕೊಳ್ಳುವ ಜಾಲರಿ ಇದೆ, ಅದರ ಕೆಳಗೆ ಗಾಳಿ ಹೋಗುವ ಡಬ್ಬಿ. ಡಬ್ಬಿ ತೆಗೆದರೆ ಒಳಗೆ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿತ್ತು ಒಣಗಿದ ಎಲೆ. ಬನ್ನಿ ಎಲೆ! ನಮ್ಮಲ್ಲಿ ದಸರಾಕ್ಕೆ ಬನ್ನಿ ಕೊಟ್ಟು ಬಂಗಾರದ್ಹಾಂಗ ಇರೋಣ ಅನ್ನುತ್ತೇವಲ್ಲ, ಅಕ್ಕನಿಗೆ ಬನ್ನಿ ಕೊಡಲು ಬಂದವರೆಲ್ಲ ಹೋಗುವಾಗ ಗಾಡಿಗೂ ಒಂದು ಹಿಡಿ ಇಟ್ಟು ಕೈ ಮುಗಿದು ಹೋಗುತ್ತಿದ್ದರು. ಅವಳ ಕಾಲೇ ಆ ಗಾಡಿ, ಅದಕ್ಕೆ ಕೊಡದೆ ಹೇಗೆ? ಎಲ್ಲರೂ ಇಡುತ್ತಿದ್ದುದು ಗಾಜಿನ ಬುಡದಲ್ಲೇ. ಅಷ್ಟು ಸಣ್ಣ ಎಲೆ, ಒಣಗಿ ಉದುರಿ ಜಾಲರಿಯೊಳಗೆ ಇಳಿದುಹೋಗಿತ್ತು. "ಊರ ಬಂಗಾರ ಎಲ್ಲಾ ನನ್ನ ಎಸಿ ಒಳಗ ಅದ ನೋಡ್ರಿ!" ಎಂದು ಮಾಸ್ತರು ಕೂಗಿದರು. ಅಕ್ಕ ಅದನ್ನು ಕಸಕ್ಕೆ ಹಾಕಗೊಡಲಿಲ್ಲ, ತುಳಸಿಯ ಬುಡಕ್ಕೆ ಹಾಕಿಸಿದಳು. ಡಬ್ಬಿ ಕೂರಿಸಿ ಗುಂಡಿ ಒತ್ತಿದರು. ಗಾಳಿ ಭರ್ರನೆ ಬಂತು. ಬಿಸಿಗಾಳಿಯೇ ಭರ್ರನೆ ಬಂತು.

ಮರುದಿನ ರವಿವಾರ. ಅಂಗಳದ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಎಸಿಯ ಚಿತ್ರ ಬರೆದರು. ತಣ್ಣಗಿನ ಪೈಪು ನೀಲಿ, ಬಿಸಿ ಪೈಪು ಕೆಂಪು. ಒಂದೊಂದು ಗೆರೆ ಎಳೆಯುವ ಮೊದಲು ಎದ್ದು ಹೋಗಿ ಗಾಡಿಯ ಪೈಪನ್ನು ಕೈಯಿಂದ ಮುಟ್ಟಿ ನೋಡಿ ಬರುತ್ತಿದ್ದರು. ನೀರಿಗೆ ಹೊರಟ ಹೆಂಗಸರು ತುಳಿಯಬಾರದೆಂದು ಸೀರೆ ಎತ್ತಿ ದಾಟಿ ಹೋದರು. ಅಕ್ಕ, "ಈ ರಂಗೋಲಿ ಯಾವ ದೇವರಿಗ್ರಿ?" ಎಂದಳು. ಮಾಸ್ತರಿಗೆ ನಗುವ ಪುರಸೊತ್ತಿರಲಿಲ್ಲ. ಎಸಿಯ ಪೈಪು ಎರಡೂ ಸರಿಯಾಗಿದ್ದವು, ತಣ್ಣಗಿನದು ಹಿಮದ ಹಾಗಿತ್ತು. ಆದರೆ ಇನ್ನೂ ಎರಡು ರಬ್ಬರ್ ಪೈಪು ಎಂಜಿನ್ನಿನಿಂದ ಹೊರಟು ಅದೇ ಡಬ್ಬಿಯೊಳಗೆ ಹೋಗಿದ್ದವು. ಅವು ಕೈ ಸುಡುವಷ್ಟು ಬಿಸಿ.

"ಅವೂ ಎಸಿದೇ ಪೈಪ್ ಸಾಬ್" ಎಂದ ಅವತ್ತು ಮತ್ತೆ ಬಂದಿದ್ದ ಮಿಸ್ತ್ರಿ.

"ಎಂಜಿನ್ನಿನ ಕುದಿಯೋ ನೀರು ಎಸಿ ಒಳಗ ಯಾಕ ಹೋಗಬೇಕೋ ಮಾರಾಯ?" ಎಂದರು ಮಾಸ್ತರು.

ಯಾರಿಗೂ ತಿಳಿಯಲಿಲ್ಲ. ನಾನೂ ಬಗ್ಗಿ ನೋಡಿದೆ, ನನಗೇನು ಮಣ್ಣು ತಿಳಿಯುತ್ತದೆ. ಆಗ ಕಿಟಕಿಯಿಂದ ಅಕ್ಕ ಕೇಳಿದಳು: "ಅಲ್ರಿ, ಅದು ಥಂಡಿ ದೇಶದವರ ಗಾಡಿ ಅಲ್ಲೇನು? ಅವರಿಗಿ ಬಿಸಿ ಗಾಳಿ ಬೇಕಾಗಿತ್ತೋ ಏನೋ."

ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಬಿಸಿ ಗಾಳಿಗಿ ಮಷೀನ್ ಯಾಕ ಬೇಕ್ರಿ ಭಾಬಿ? ಕಿಡಕಿ ತಗದ್ರ ಮುಗೀತಲ್ಲ!"

ಆದರೆ ಮಾಸ್ತರು ನಗಲಿಲ್ಲ. ಓಡಿಹೋಗಿ ಡ್ಯಾಶ್‌ಬೋರ್ಡಿನ ಒಂದು ಸಣ್ಣ ಕಡ್ಡಿಯನ್ನು ನೋಡಿದರು. ಕ್ಯಾಂಪಿನಲ್ಲಿದ್ದ ಹಿಂದಿನ ಡ್ರೈವರು ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದನಂತೆ. ಅದು ಅದಕ್ಕಾಗಿಯೇ ಇರುವ ಕೊಕ್ಕೆ ಎಂದು ಮಾಸ್ತರೂ ಪ್ರತಿ ಅಮಾವಾಸ್ಯೆ ಹೊಸದು ಕಟ್ಟುತ್ತಿದ್ದರು. ಅದು ಬಿಸಿಗಾಳಿಯ ಕಡ್ಡಿ! ನಿಂಬೆಹಣ್ಣಿನ ಭಾರಕ್ಕೆ ಬಿಸಿಯ ಕಡೆಗೇ ಜಗ್ಗಿಕೊಂಡು, ಒಳಗಿನ ತಂತಿ ಅಲ್ಲೇ ತುಕ್ಕು ಹಿಡಿದು ನಿಂತಿತ್ತು. ಅಂದರೆ ಅಷ್ಟೂ ವರ್ಷ ಒಂದೇ ಡಬ್ಬಿಯಲ್ಲಿ ಎಸಿ ತಂಪು ಮಾಡುತ್ತಿತ್ತು, ಎಂಜಿನ್ನು ಕಾಯಿಸುತ್ತಿತ್ತು. ಈ ಬಿಸಿಲ ನಾಡಿನಲ್ಲಿ ಗಾಳಿಯನ್ನು ಬಿಸಿ ಮಾಡುವ ಯಂತ್ರ ಇದ್ದೀತೆಂದು ಯಾರಿಗಾದರೂ ಹೊಳೆದೀತೇ? ಆ ಎರಡು ಪೈಪು ಡಬ್ಬಿಗೆ ಹೋಗದಂತೆ ಕತ್ತರಿಸಿ, ಎಂಜಿನ್ನಿನ ಕಡೆಯ ತುದಿಗಳನ್ನು ಒಂದಕ್ಕೊಂದು ಕೂಡಿಸಿ ಬಿಗಿದರು. ಕೂಡಿಸಿದ್ದು ಮಿಸ್ತ್ರಿಯೇ, ಚೆನ್ನಾಗಿ ಕೂಡಿಸಿದ. ತನ್ನ ನವಾಬರ ಮೋಟಾರಿನಲ್ಲೂ ಹೀಗೇ ಮಾಡಿದ್ದೆ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಮುಂದೆ ಪಕ್ಕದ ಸೀಟು ಕಿತ್ತು, ಡ್ರೈವರನ ಹಿಂದೆಯೇ ಅಕ್ಕನ ಮಂಚ ಕೂರಿಸಿದರು, ಎಸಿಯ ಗಾಳಿ ನೇರ ಅವಳಿಗೆ ಬೀಳುವ ಹಾಗೆ. ಶಹಾಪುರದ ರಸ್ತೆಗೆ ಒಯ್ದು ಓಡಿಸಿ ನೋಡಿದರು. ಅಕ್ಕ ಕೈ ಚಾಚಿ ಗಾಳಿಯನ್ನು ಮುಟ್ಟಿದಳು. "ಅಯ್ಯ, ಹೊಸಾ ಮಣ್ಣಿನ ನೀರ ಗಡಗಿ ಮುಂದ ಕುಂತಂಗ ಆಗ್ತದಲ್ರಿ!" ಎಂದಳು. ಮಾಸ್ತರು ಅವತ್ತು ದಾರಿಯಲ್ಲಿ ಎದುರು ಬಂದವರಿಗೆಲ್ಲ ಹಾರ್ನ್ ಹೊಡೆದರು. ನನಗೆ ಖುಷಿ ತಡೆಯದೆ ಅವರನ್ನು ಇನ್ನಷ್ಟು ಬಯ್ದೆ. ದಿನಾ ಸಂಜೆ ಹೀಗೆ ಓಡಿಸಿ ಓಡಿಸಿ ಪರೀಕ್ಷೆ ಮಾಡಿದರು. ನಿಂತ ಗಾಡಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ತಾಸುಗಟ್ಟಲೆ ಎಸಿ ಹಚ್ಚಿ ನೋಡುವುದು ಮಾತ್ರ ಯಾರ ತಲೆಗೂ ಬರಲಿಲ್ಲ. ಸುಮ್ಮನೆ ನಿಂತು ಡೀಸೆಲ್ ಸುಡುವುದು ನಮ್ಮ ಕಡೆ ಪಾಪದ ಲೆಕ್ಕ.

ಮದುವೆಯ ದಿನ ನಸುಕಿನಲ್ಲೇ ಹೊರಟೆವು. ನಾನು ಅಕ್ಕನ ತಲೆದಿಂಬಿನ ಹತ್ತಿರ ಕೂತಿದ್ದೆ. ದೋರನಹಳ್ಳಿ ದಾಟುವಾಗ ಎರಡೂ ಕಡೆ ಭತ್ತ ಹಳದಿಯಾಗಿತ್ತು. ಅಕ್ಕ ಮಾತು ಬಿಟ್ಟು ನೋಡುತ್ತಿದ್ದಳು, ಅವಳು ಮಾತು ಬಿಟ್ಟದ್ದು ನಾನು ಕಂಡಂತೆ ಅದೇ ಮೊದಲು. ಕೊಂಕಲ್‌ನಲ್ಲಿ ಹಂದರದ ಪಕ್ಕ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಅವಳಿಗೆ ಗಾಡಿಯೇ ಕೋಣೆ. ಎಂಜಿನ್ ಚಾಲೂ ಇಟ್ಟರೆ ತಂಪು ಇರುತ್ತದೆ, ಅಣ್ಣನ ಮನೆಯ ಮೆಟ್ಟಿಲು ಹತ್ತುವ ಮಾತೇ ಇಲ್ಲ. ಅಣ್ಣ ಬಂದವನು ಗಾಡಿಯ ಬಾಗಿಲಲ್ಲಿ ನಿಂತು, "ಬಂದೀಯೇನವ್ವ" ಎಂದು ಇಷ್ಟೇ ಅಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ತಾಳಿ ಕಟ್ಟುವಾಗ ಅಕ್ಕ ಕಿಟಕಿಯಿಂದಲೇ ಅಕ್ಕಿಕಾಳು ಎಸೆದಳು. ಅದಾದ ಮೇಲೆ ಊಟ, ಊಟವಾದ ಮೇಲೆ ಉಡಿ ತುಂಬುವುದು ಎಂದು ಹಿರಿಯ ಹೆಂಗಸರು ಹೇಳಿದರು.

ಊಟಕ್ಕೆ ಎಲೆ ಹಾಕುವಾಗ ಗಾಳಿ ಬೆಚ್ಚಗಾಯಿತು. ಮೊದಲು ನನಗೆ ಭ್ರಮೆ ಅನ್ನಿಸಿತು. ಆಮೇಲೆ ಅಕ್ಕನ ಮುಖ ನೋಡಿದೆ. ಕೆಂಪಾಗಿತ್ತು, ಒಣಗಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು. ಒದ್ದೆ ಬಟ್ಟೆ ಹಾಕಿದೆ, ಮಾಸ್ತರನ್ನು ಕೂಗಿದೆ. ಎಲೆಯ ಮುಂದಿನಿಂದ ಎದ್ದು ಓಡಿ ಬಂದವರು ಬಾನೆಟ್ ಎತ್ತಿ ಪೈಪು ಮುಟ್ಟಿದರು. ಗಾಡಿ ಓಡುವಾಗ ಮುಂದಿನಿಂದ ಬೀಸುವ ಗಾಳಿ ಆ ಯಂತ್ರದ ಬಿಸಿಯನ್ನು ಒಯ್ಯುತ್ತಿತ್ತು. ನಿಂತಲ್ಲಿ, ಹಂದರದ ಪಕ್ಕದ ಸೆಕೆಯಲ್ಲಿ, ಬಿಸಿ ಅಲ್ಲೇ ಸುತ್ತುತ್ತಿತ್ತು. ಅಷ್ಟು ಪರೀಕ್ಷೆ ಮಾಡಿದವರಿಗೆ ಇದೊಂದು ಗೊತ್ತಿರಲಿಲ್ಲ. ಮಾಸ್ತರ ಮುಖ ಬಿಳಿಚಿಕೊಂಡಿತು.

"ಹೊಂಡೋಣು. ಈಗಿಂದೀಗ ಊರಿಗಿ ಹೊಂಡೋಣು" ಎಂದು ಸ್ಟೇರಿಂಗ್ ಹಿಡಿದರು.

"ಉಡಿ ತುಂಬಿಸ್ಕೊಳ್ಳದ ನಾ ಬರಂಗಿಲ್ಲ" ಎಂದಳು ಅಕ್ಕ. ನಾಲಿಗೆ ತೊದಲುತ್ತಿತ್ತು.

"ಜೀವ ದೊಡ್ಡದೋ ಉಡಿ ದೊಡ್ಡದೋ?" ಮಾಸ್ತರು ಕಿರುಚಿದರು. ಅವರು ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಬರೇ ಉಡೀಲೇ ಬದುಕಿ ಏನ ಮಾಡ್ಲ್ರಿ? ನೀವು ಹೋಗ್ರಿ. ನನ್ನ ಇಲ್ಲೇ ಬಿಡ್ರಿ."

ಹಂದರದಲ್ಲಿ ಗದ್ದಲ ನಿಂತಿತು. ಅಣ್ಣನ ಹೆಂಡತಿ ಅಕ್ಕಿ ತುಂಬಿದ ಮೊರ ಹಿಡಿದುಕೊಂಡು ಗಾಡಿಯ ಬಾಗಿಲಿಗೆ ಬಂದು ನಿಂತಿದ್ದಳು, ಒಳಗೆ ಬರಲೋ ಬೇಡವೋ ತಿಳಿಯದೆ. ಮಾಸ್ತರು ಅವಳನ್ನು ನೋಡಿದರು. ಅಕ್ಕಿ ನೋಡಿದರು. ಒಮ್ಮೆಲೇ, "ಏರ್ರಿ ಒಳಗ! ಮುತ್ತೈದೆಯರು ಎಲ್ಲಾ ಏರ್ರಿ! ಮದುಮಗಳನ್ನೂ ಹತ್ತಸ್ರಿ!" ಎಂದು ಗುಡುಗಿದರು. "ನಿಂತ್ರ ಬಿಸಿ ಬರ್ತದ. ನಾ ಓಡಸ್ತೀನಿ, ನೀವು ತುಂಬ್ರಿ!"

ಹೆಂಗಸರು ಬಿದ್ದು ಎದ್ದು ಹತ್ತಿದರು. ಗಾಡಿ ಹಂದರದ ಹಗ್ಗ ಹರಿದುಕೊಂಡು ಹೊರಬಿತ್ತು. ಮಾಸ್ತರು ಅದನ್ನು ಕಾಲುವೆಯ ದಂಡೆಯ ದಾರಿಗೆ ಇಳಿಸಿದರು. ಸಣ್ಣ ದಾರಿ, ಒಂದು ಕಡೆ ನೀರು, ಇನ್ನೊಂದು ಕಡೆ ಹೊಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ತಣ್ಣಗಾಯಿತು. ನಾನು ಅಕ್ಕನ ಮುಖಕ್ಕೆ ನೀರು ಚಿಮುಕಿಸುತ್ತಲೇ ಇದ್ದೆ. ಕೆಂಪು ಇಳಿಯತೊಡಗಿತು. ಕಣ್ಣು ಪೂರ್ತಿ ತೆರೆದಳು. "ಸೆರಗು ಹಿಡಿಯವ್ವ" ಎಂದು ಅತ್ತಿಗೆ ಅಂದಾಗ ಎರಡೂ ಕೈಯಿಂದ ತಾನೇ ಸೆರಗು ಹಿಡಿದಳು. ಕುಪ್ಪಸದ ಖಣ, ತೆಂಗಿನಕಾಯಿ, ಅರಿಶಿನ ಕೊಂಬು, ಆಮೇಲೆ ಅಕ್ಕಿ. ಗುಂಡಿಯಲ್ಲಿ ಗಾಡಿ ಕುಕ್ಕಿದಾಗ ಅಕ್ಕಿ ಹಾರಿ ಎಲ್ಲರ ತಲೆಯ ಮೇಲೆ ಬಿತ್ತು, ಹೆಂಗಸರು ಕಿಲಕಿಲನೆ ನಕ್ಕರು, ಅಳುತ್ತಲೂ ಇದ್ದರು. ಮದುಮಗಳು ಕಿಟಕಿಯ ಪರದೆ ಸರಿಸಿ, "ಅತ್ತಿ, ಇದೇ ಮುತ್ಯಾನ ಹೊಲ, ನಿಮ್ಮಪ್ಪಂದು" ಎಂದಳು. ಕೊನೆಯ ಹಿಡಿ ಅಕ್ಕಿ ಉಡಿಗೆ ಬಿದ್ದದ್ದು ಗಾಡಿ ಆ ಹೊಲದ ಬದಿ ಓಡುತ್ತಿರುವಾಗ. ಅಲ್ಲಿಂದ ಶಹಾಪುರದವರೆಗೆ ಮಾಸ್ತರು ಗಾಡಿ ನಿಲ್ಲಿಸಲಿಲ್ಲ, ಹೆಂಗಸರು ಶಹಾಪುರದಲ್ಲಿ ಇಳಿದು ಬಸ್ಸಿನಲ್ಲಿ ತಿರುಗಿ ಹೋದರು. ಮದುಮಗಳು ಬಾಸಿಂಗ ಕಟ್ಟಿಕೊಂಡೇ ಬಸ್ಸು ಹತ್ತಿದಳು, ಗಂಡಿನವರು ಏನಂದರೋ ದೇವರಿಗೇ ಗೊತ್ತು.

ಅಕ್ಕ ಆಮೇಲೂ ಕೆಲವು ವರ್ಷ ಬದುಕಿದಳು. ಮಾತಿನಂತೆ ಏನೂ ಕೇಳಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ನಿದ್ದೆಯಲ್ಲೇ ಹೋದಳು.

ಕೇಳತೊಡಗಿದವರು ಮಾಸ್ತರು. ಉಡಿ ತುಂಬಿದ ದಿನ ಅವರು ಏನನ್ನೂ ನೋಡಿರಲಿಲ್ಲ. ಒಂದು ಕಡೆ ನೀರು, ಗಾಡಿಯ ತುಂಬ ಮಂದಿ, ಕನ್ನಡಿಗೆ ಅಡ್ಡ ಹೆಂಗಸರ ಸೆರಗು. ಕಣ್ಣು ದಾರಿ ಬಿಟ್ಟು ಅಲುಗಿಸುವ ಹಾಗಿರಲಿಲ್ಲ. ತಿಂಗಳುಗಟ್ಟಲೆ ಕೈ ಸುಟ್ಟುಕೊಂಡು ಮಾಡಿದ್ದು ಯಾವುದಕ್ಕೋ, ಅದು ಅವರ ಹಿಂದೆ ನಡೆದು ಮುಗಿದಿತ್ತು. ನನ್ನನ್ನು ಕಂಡಾಗಲೆಲ್ಲ ಯಾವುದಾದರೊಂದು ಕೇಳುವರು. ಸೀರೆ ಯಾವ ಬಣ್ಣದ್ದಿತ್ತು, ಅಕ್ಕಿ ಎಷ್ಟು ಹಿಡಿಸಿತು, ನಕ್ಕಳೇ. ಹೇಳಿ ಹೇಳಿ ನನಗೆ ಸಾಕಾಗಿ, "ಇನ್ನ ಬಿಡ್ರಿ ಮಾಸ್ತರ" ಎಂದು ಗದರಿದ್ದೂ ಇದೆ.

ಕಳೆದ ತಿಂಗಳು ನೋಡಲು ಹೋದಾಗ ಎದ್ದು ಕೂರುವ ಶಕ್ತಿ ಇರಲಿಲ್ಲ. ಅಕ್ಕನ ಮಂಚದ ಮೇಲೇ ಮಲಗಿದ್ದರು. ಗಂಜಿ ಕುಡಿಸಿದೆ. ಬಾಯಿ ಒರೆಸುವಾಗ ನನ್ನ ಕೈ ಹಿಡಿದರು.

"ಅಕ್ಕೋರ, ಒಂದು ಕೇಳೂದು ಉಳದದ. ಉಡಿ ತುಂಬುವಾಗ ಅಕಿ ಯಾವ ಕಡಿ ನೋಡಾಕತ್ತಿದ್ಲು? ಉಡಿ ನೋಡಾಕತ್ತಿದ್ಲೇನು, ಅಪ್ಪನ ಹೊಲಾ ನೋಡಾಕತ್ತಿದ್ಲೇನು?"

ನನಗೆ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಅದು ನನ್ನ ಕಣ್ಣ ಮುಂದೆಯೇ ಇದೆ.

"ಎರಡೂ ಅಲ್ರಿ ಮಾಸ್ತರ. ಹೊಲಾ ಬಂತು ಅಂತ ಹುಡುಗಿ ಹೇಳಿದ್ರೂ ಅಕಿ ಆ ಕಡಿ ತಿರುಗಲಿಲ್ಲ. ನೀವು ಸ್ಟೇರಿಂಗ್ ಹಿಡಕೊಂಡು ಕುಂತಿದ್ರಲ್ಲ, ನಿಮ್ಮ ಬೆನ್ನ ನೋಡಾಕತ್ತಿದ್ಲು. ಕಡೀತನಕಾ ನಿಮ್ಮ ಬೆನ್ನ ನೋಡಾಕತ್ತಿದ್ಲು."

ಮಾಸ್ತರು ಕೈ ಬಿಟ್ಟು, ಮೆಲ್ಲಗೆ ಗೋಡೆಯ ಕಡೆ ಹೊರಳಿದರು. ನಾನು ಹಿಂದೆ ಕೂತು, ಅಂಗಿಯೊಳಗೆ ಅಲುಗುತ್ತಿದ್ದ ಆ ಬೆನ್ನನ್ನು ಅಳು ನಿಂತು ನಿದ್ದೆ ಹತ್ತುವವರೆಗೂ ಸವರುತ್ತಿದ್ದೆ.